ಮಸಾತ್ಸು: ಫ್ರಿಕ್ಷನ್ನೋ, ತಿಕ್ಕಾಟವೋ?

ಬಿಡದಿ ಕಡೆಯ ಕಾರ್ಖಾನೆಗಳಲ್ಲಿ ನಾನು ಜಪಾನಿ ದುಭಾಷಿ. ಬ್ರೇಕ್ ತಯಾರಿಸುವ ಜಾಗದಲ್ಲಿ 'ಮಸಾತ್ಸು' ಅನ್ನುವ ಪದ ಕಿವಿಗೆ ಬೀಳದ ದಿನವಿಲ್ಲ. ಪ್ಯಾಡಿಗೆ ಬಳಸುವ ವಸ್ತು 'ಮಸಾತ್ಸು ಜಾಯ್'. ಉಜ್ಜಿ ಹುಟ್ಟುವ ಬಿಸಿ 'ಮಸಾತ್ಸು ನೆತ್ಸು'. ಫ್ರಿಕ್ಷನ್ ಎಷ್ಟು ಅಂತ ಹೇಳುವ ಅಂಕಿಗೆ ಲ್ಯಾಬಿನವರು ಮ್ಯೂ ಅನ್ನುತ್ತಾರಲ್ಲ, ಅದು 'ಮಸಾತ್ಸು ಕೇಸೂ'. ಇಲ್ಲಿ ತಲೆನೋವಿಲ್ಲ. ಶಾಲೆಯಲ್ಲಿ ಘರ್ಷಣೆ ಅಂತ ಓದಿದ್ದರೂ ಲೈನಿನಲ್ಲಿ ಎಲ್ಲರೂ ಹೇಳುವುದು ಫ್ರಿಕ್ಷನ್. ನಾನೂ ಅದನ್ನೇ ಹೇಳುತ್ತೇನೆ.

ಮೀಟಿಂಗ್ ರೂಮಿನ ಕಥೆ ಬೇರೆ. 'ಗೆಂಬಾ ತೊ ನೊ ಮಸಾತ್ಸು ವಾ ಸಕೆತಾಯ್' ಅಂತ ಜಪಾನಿ ಮ್ಯಾನೇಜರ್ ಮೆಲ್ಲಗೆ ಹೇಳುತ್ತಾರೆ. ಅದನ್ನು 'ಲೈನಿನವರ ಜೊತೆ ಘರ್ಷಣೆ ಬೇಡ' ಅಂದುಬಿಟ್ಟರೆ ಎದುರು ಕೂತ ಯೂನಿಯನ್ನಿನವರ ಮುಖ ಬಿಗಿಯುತ್ತದೆ. ನಮ್ಮ ಪೇಪರುಗಳಲ್ಲಿ ಘರ್ಷಣೆ ಅಂದರೆ ಕಲ್ಲು ತೂರಾಟ, ಲಾಠಿ, ನಿಷೇಧಾಜ್ಞೆ, ಅಲ್ವಾ? ಮ್ಯಾನೇಜರ್ ಹೇಳಿದ್ದು ಅಷ್ಟು ದೊಡ್ಡದಲ್ಲ. ಹೊಸ ಪದ್ಧತಿ ತಂದಾಗ ಒಳಗೊಳಗೇ ನಡೆಯುವ ಎಳೆದಾಟ, ಅಷ್ಟೇ. ಅದಕ್ಕೇ ನಾನು 'ತಿಕ್ಕಾಟ' ಅನ್ನುತ್ತೇನೆ. ತಿಕ್ಕುವುದೂ ಅದರಲ್ಲೇ ಬಂತು. ಮಸಾತ್ಸು ಬರೆಯುವ ಎರಡು ಕಾಂಜಿಗಳಲ್ಲೂ, ಅಂದರೆ ಜಪಾನಿ ಚಿತ್ರಾಕ್ಷರಗಳಲ್ಲೂ, 'ಕೈ' ಅನ್ನುವ ಗುರುತು ಇದೆ. ಚಳಿಗಾಲದಲ್ಲಿ ಒಣ ಟವೆಲಿನಿಂದ ಮೈ ಉಜ್ಜಿಕೊಳ್ಳುವ ಅಭ್ಯಾಸಕ್ಕೂ ಅವರು 'ಕಾಂಪು ಮಸಾತ್ಸು' ಅಂತಲೇ ಕರೆಯುತ್ತಾರೆ.

ತಿಕ್ಕಾಟ ಯಾರ ನಡುವೆ ಅಂತ ಮೊದಲು ನೋಡಬೇಕು. ಇಬ್ಬರು ಗೆಳೆಯರು ಕೂಗಾಡಿದರೆ ಅದು 'ಕೆಂಕಾ', ಸುಮ್ನೆ ಜಗಳ. ಮಸಾತ್ಸು ಬರುವುದು ಹೆಚ್ಚಾಗಿ ವಿಭಾಗಗಳ ನಡುವೆ, ಕಂಪನಿಗಳ ನಡುವೆ, ದೇಶಗಳ ನಡುವೆ. ವಯಸ್ಸಾದ ಮ್ಯಾನೇಜರುಗಳು ಮಾತಿಗೆ ಕೂತರೆ 1980ರ ದಶಕದ 'ಬೋಎಕಿ ಮಸಾತ್ಸು' ಬಂದೇ ಬರುತ್ತದೆ. ಬೋಎಕಿ ಅಂದರೆ ದೇಶಗಳ ನಡುವಿನ ವ್ಯಾಪಾರ. ಅಮೆರಿಕದ ಒತ್ತಡಕ್ಕೆ ಮಣಿದ ಜಪಾನ್, ವರ್ಷಕ್ಕೆ 16.8 ಲಕ್ಷಕ್ಕಿಂತ ಜಾಸ್ತಿ ಕಾರು ಅಲ್ಲಿಗೆ ಕಳಿಸುವುದಿಲ್ಲ ಅಂತ 1981ರಲ್ಲಿ ತಾನೇ ಮಿತಿ ಹಾಕಿಕೊಂಡಿತು. 'ವಾಣಿಜ್ಯ ಸಮರ' ಅಂತ ಹೇಳಲು ನಾಲಿಗೆ ತುರಿಸುತ್ತದೆ. ನಾನು ಮಾತ್ರ 'ವ್ಯಾಪಾರದ ತಿಕ್ಕಾಟ'ಕ್ಕೇ ನಿಲ್ಲುತ್ತೇನೆ. ಸಮರ ಅಂದರೆ ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕಿದ ಹಾಗೆ.

ಇನ್ನೊಂದು ಪದವಿದೆ, 'ಅತ್ಸುರೆಕಿ'. ಅದರ ಎರಡೂ ಅಕ್ಷರಗಳಲ್ಲಿ ಗಾಡಿ ಇದೆ. ಚಕ್ರ ಕಿರುಗುಟ್ಟುವ ಅರ್ಥದಿಂದ ಹುಟ್ಟಿದ್ದರೂ ಈಗ ಮನುಷ್ಯರ ನಡುವಿನ ಬಿರುಕಿಗಷ್ಟೇ ಬಳಕೆ. ಬ್ರೇಕಿನ ವಿಷಯಕ್ಕೆ ಯಾರೂ ಹೇಳುವುದಿಲ್ಲ. ವರದಿಯಲ್ಲಿ ಅದು ಕಂಡರೆ 'ಮನಸ್ತಾಪ' ಅಂತ ಬರೆಯುತ್ತೇನೆ. ಅದಕ್ಕೂ ಮೊದಲು, ಯಾರ ಯಾರ ನಡುವೆ ಅಂತ ಬರೆದವರನ್ನೇ ಕೇಳಿಕೊಳ್ಳುತ್ತೇನೆ.