ಗಸೆಂಡಿ ಕುಳಿಯ ಬಿರುಕುಗಳನ್ನು ನಮ್ಮ ಮಾಳಿಗೆಯಿಂದ ಕಂಡ ಬಗೆ

ಚಂದ್ರನ ಗಸೆಂಡಿ ಕುಳಿಯ ತಳದ ಬಿರುಕುಗಳನ್ನು ನೋಡಬೇಕೆನ್ನುವವರು ದೂರದರ್ಶಕಕ್ಕಿಂತ ಮೊದಲು ಪಂಚಾಂಗವನ್ನು ಕೈಗೆತ್ತಿಕೊಳ್ಳಬೇಕು. ಸುಮಾರು 110 ಕಿಲೋಮೀಟರ್ ಅಗಲದ ಈ ಕುಳಿ ಮಾರೆ ಹ್ಯೂಮೋರಮ್ ಎಂಬ ಲಾವಾ ಬಯಲಿನ ಉತ್ತರದಂಚಿನಲ್ಲಿದ್ದು, ಅಲ್ಲಿ ಬೆಳಗಾಗುವುದು ಶುಕ್ಲ ಏಕಾದಶಿಯ ಹೊತ್ತಿಗೆ. ಮೊದಲು ಅಂಚು ಮತ್ತು ನಡುವಿನ ಶಿಖರಗಳು ಬೆಳಗುತ್ತವೆ. ಆಮೇಲೆ ತಳದ ಮೇಲೆ ಓರೆ ಬಿಸಿಲು ಹರಿದಾಗ ಬಿರುಕುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಹುಣ್ಣಿಮೆಯಂದು ನೆರಳಿಲ್ಲದ ಕಾರಣ ಅವು ಕಾಣಸಿಗುವುದಿಲ್ಲ.

ಕಲಬುರಗಿಯ ನಮ್ಮ ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿದೆ. ಬೇಸಿಗೆಯಲ್ಲಿ ಅದು ಹಗಲಿನ ಕಾವನ್ನು ರಾತ್ರಿ ಬಹಳ ಹೊತ್ತು ಬಿಡುವುದರಿಂದ ಬಿಂಬ ನಡುಗುತ್ತದೆ. ಆದ್ದರಿಂದ ನಾನು ಪುಷ್ಯ, ಮಾಘ ಮಾಸಗಳನ್ನೇ ಆರಿಸಿಕೊಂಡೆ. ಆಗ ಏಕಾದಶಿಯ ಚಂದ್ರ ನೆತ್ತಿಯ ಸಮೀಪಕ್ಕೆ ಏರುತ್ತಾನೆ. ಕನ್ನಡಿಯಿಂದ ಬೆಳಕನ್ನು ಕೂಡಿಸುವ ಆರು ಇಂಚಿನ ಡಾಬ್ಸೋನಿಯನ್ ದೂರದರ್ಶಕವನ್ನು ಸಂಜೆಯೇ ಹೊರಗಿಟ್ಟು ಕನ್ನಡಿ ತಣಿಯಲು ಬಿಟ್ಟೆ. ಬಿಂಬವನ್ನು 48 ಪಟ್ಟು ಹಿಗ್ಗಿಸಿ ಕುಳಿಯನ್ನು ಗುರುತಿಸಿ, 200 ಪಟ್ಟಿಗೆ ಏರಿಸಿ, ಗಾಳಿ ನಿಂತ ಕ್ಷಣಗಳಲ್ಲಿ ಮಾತ್ರ ಪೆನ್ಸಿಲ್ ಆಡಿಸಿದೆ.

ನೋಡಲು ಬಂದಿದ್ದ ಪಕ್ಕದ ಮನೆಯ ಹುಡುಗ, "ಸರ್, ನಮ್ಮ ಎರಿ ಹೊಲ ಬಿರದಂಗೇ ಅದ ನೋಡ್ರಿ" ಎಂದ. ನೋಟಕ್ಕೆ ಹೌದು, ಕಾರಣ ಮಾತ್ರ ಬೇರೆ. ಎರೆಮಣ್ಣು ಒಣಗಿ ಕುಗ್ಗಿದಾಗ ಬಿರಿಯುತ್ತದೆ, ಗಸೆಂಡಿಯ ತಳವಾದರೋ ಅಡಿಯಲ್ಲಿ ನುಗ್ಗಿದ ಶಿಲಾಪಾಕ (ಕರಗಿದ ಬಂಡೆ) ಅದನ್ನು ಮೇಲಕ್ಕೆತ್ತಿದ್ದರಿಂದ ಸೀಳಿತೆಂಬ ವಿವರಣೆಯನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಅಪೊಲೊ 17 ಇಳಿಯಲು ಪರಿಶೀಲಿಸಿದ ತಾಣಗಳಲ್ಲಿ ಇದೂ ಒಂದಾಗಿತ್ತು.

ಹೆಸರಿನ ವಿಷಯವೂ ನನಗೆ ಅಷ್ಟೇ ಪ್ರಿಯವಾದದ್ದು. ಕೆಪ್ಲರ್ ಲೆಕ್ಕ ಹಾಕಿ ತಿಳಿಸಿದ್ದ ಬುಧ ಸಂಕ್ರಮಣವನ್ನು, ಅಂದರೆ ಬುಧಗ್ರಹ ಸೂರ್ಯಬಿಂಬದ ಮುಂದೆ ಹಾದುಹೋಗುವುದನ್ನು, ಫ್ರೆಂಚ್ ಖಗೋಳಜ್ಞ ಪಿಯೆರ್ ಗಸೆಂಡಿ 1631ರ ನವೆಂಬರ್ 7ರಂದು ಪ್ಯಾರಿಸಿನಲ್ಲಿ, ಸೂರ್ಯಬಿಂಬವನ್ನು ಕಾಗದದ ಮೇಲೆ ಬೀಳಿಸಿ ಕಂಡರು. 1651ರಲ್ಲಿ ಇಟಲಿಯ ಖಗೋಳಜ್ಞ ರಿಚ್ಚೋಲಿ ಚಂದ್ರನ ನಕ್ಷೆಯಲ್ಲಿ ಈ ಕುಳಿಗೆ ಆ ಹೆಸರಿಟ್ಟಾಗ ಗಸೆಂಡಿ ಇನ್ನೂ ಬದುಕಿದ್ದರು. ಉತ್ತರದಂಚನ್ನು ಕೊರೆದು ಕುಳಿತ ಕಿರುಕುಳಿಯನ್ನು ಕೆಲವು ಹಳೆಯ ನಕ್ಷೆಗಳು ಕ್ಲಾರ್ಕ್‌ಸನ್ ಎಂದರೂ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದಲ್ಲಿ ಅದು ಗಸೆಂಡಿ ಎ ಮಾತ್ರ. ನನ್ನ ಚಿತ್ರದಲ್ಲಿಯೂ ಹಾಗೆಯೇ ಬರೆದಿದ್ದೇನೆ. ಬಿಂಬ ತಲೆಕೆಳಗಾಗಿರುವುದರಿಂದ ಅದು ಕೆಳಗೆ ಬಂದಿದೆ.

ಬಹುಳ ಏಕಾದಶಿಯ ಬೆಳಗಿನ ಜಾವ ಎದ್ದವರಿಗೆ ಅಲ್ಲಿಯ ಸೂರ್ಯಾಸ್ತ ಸಿಗುತ್ತದೆ. ಆಗ ನೆರಳುಗಳು ಎದುರು ದಿಕ್ಕಿಗೆ ಚಾಚುವುದರಿಂದ ಬಿರುಕುಗಳ ಇನ್ನೊಂದು ಗೋಡೆಯನ್ನು ಚಿತ್ರಕ್ಕೆ ಸೇರಿಸಬಹುದು.