ಸೊಪ್ಪಿನ ಸ್ಟರ್ ಫ್ರೈ: ನೀರು ನಿಲ್ಲದಂತೆ, ಬಣ್ಣ ಕೆಡದಂತೆ

ಸೊಪ್ಪಿನ ಸ್ಟರ್ ಫ್ರೈ, ಅಂದರೆ ದೊಡ್ಡ ಉರಿಯಲ್ಲಿ ಮಗುಚುತ್ತ ಬೇಗನೆ ಹುರಿದ ಪಲ್ಯ, ಕೆಡುವುದು ಬಹುತೇಕ ನೀರಿನಿಂದ. ಸಾಸ್ ಯಾವುದು, ಬೆಳ್ಳುಳ್ಳಿ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಪಾಲಕ್, ಚೀನೀ ಅಡುಗೆಯ ಬಾಕ್ ಚೊಯ್, ಚೊಯ್ ಸಮ್‌ನಂಥ ಸೊಪ್ಪುಗಳ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ ಇರುತ್ತದೆ. ಬಾಣಲೆ 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿದ್ದರೂ ಅಷ್ಟೆ, ತಳದಲ್ಲಿ ನೀರು ನಿಂತರೆ ಅದು ಆವಿಯಾಗಿ ಹೋಗುವ ತನಕ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಸೊಪ್ಪು ಹುರಿಯುವುದಿಲ್ಲ, ತನ್ನದೇ ನೀರಿನಲ್ಲಿ ಬೇಯುತ್ತದೆ. ಎಲೆ ಮುದ್ದೆಯಾಗುತ್ತದೆ, ದಂಟು ಮೆತ್ತಗಾಗುತ್ತದೆ, ತಟ್ಟೆಯ ತಳದಲ್ಲಿ ಹಸಿರು ನೀರು ನಿಲ್ಲುತ್ತದೆ. ತೊಳೆಯುವುದರಿಂದ ಹಿಡಿದು ಉಪ್ಪು ಹಾಕುವ ಹೊತ್ತಿನವರೆಗೆ ನಾನು ಮಾಡುವ ಕೆಲಸವೆಲ್ಲ ಇದನ್ನು ತಪ್ಪಿಸುವುದಕ್ಕೇ.

ಮೊದಲು ಪ್ರಮಾಣ. 35 ಸೆಂಟಿಮೀಟರ್ ಅಗಲದ ವೋಕ್‌ಗೆ (ಚೀನೀ ಬಾಣಲೆ) ಒಂದು ಸಲಕ್ಕೆ 300 ಗ್ರಾಂ ಸೊಪ್ಪು, ಅದಕ್ಕಿಂತ ಹೆಚ್ಚು ಬೇಡ. ಹಸಿಯಾಗಿದ್ದಾಗ ಅದು ಬಾಣಲೆ ತುಂಬಿ ಮೇಲಕ್ಕೆ ಉಕ್ಕಿದಂತೆ ಕಾಣುತ್ತದೆ, ಹಾಗಾಗಿ ಕಣ್ಣಳತೆ ನಂಬದೆ ತೂಕ ನೋಡಿ. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಕೊಡುವುದು ಸುಮಾರು 3 ಕಿಲೋವಾಟ್ ಶಾಖ. ಚೀನೀ ಹೋಟೆಲುಗಳ ವೋಕ್ ಒಲೆಯ ಉರಿ ಅದರ ಎಷ್ಟೋ ಪಟ್ಟು ಜೋರು. ಅವರು ಒಂದು ಕಿಲೋ ಸೊಪ್ಪನ್ನು ಒಟ್ಟಿಗೆ ಹಾಕಿ ಗೆಲ್ಲಬಹುದು, ಮನೆಯಲ್ಲಿ ಆಗದು. 600 ಗ್ರಾಂ ಬೇಕಾದರೆ ಎರಡು ಕಂತಿನಲ್ಲೇ ಮಾಡಬೇಕು.

ಪಾತ್ರೆಯ ವಿಷಯಕ್ಕೆ ಬಂದರೆ, 1.5ರಿಂದ 2 ಮಿಲಿಮೀಟರ್ ದಪ್ಪದ ಕಾರ್ಬನ್ ಸ್ಟೀಲ್ ವೋಕ್ ನನ್ನ ಆಯ್ಕೆ. ಬೇಗ ಕಾಯುತ್ತದೆ, ಉರಿ ಇಳಿಸಿದರೆ ಬೇಗ ತಣಿಯುತ್ತದೆ. ಮನೆಯ ಒಲೆಗೆ ಚಪ್ಪಟೆ ತಳದ್ದೇ ಸರಿ. ದಪ್ಪ ಕಬ್ಬಿಣದ ಬಾಣಲೆಯಲ್ಲೂ ಚೆನ್ನಾಗಿ ಬರುತ್ತದೆ, ಆದರೆ ಅದು ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಲೆ ಆರಿಸಿದ ಮೇಲೂ ಸೊಪ್ಪು ಬೇಯುತ್ತಲೇ ಇರುತ್ತದೆ. ಆದ ಕೂಡಲೇ ತಟ್ಟೆಗೆ ತೆಗೆಯಬೇಕು. ನಾನ್‌ಸ್ಟಿಕ್ ಬಾಣಲೆ ಈ ಕೆಲಸಕ್ಕೆ ಬೇಡ. ಖಾಲಿ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಬೇಕಾಗುತ್ತದೆ, 260 ಡಿಗ್ರಿ ದಾಟಿದರೆ ಆ ಲೇಪ ಹಾಳಾಗತೊಡಗುತ್ತದೆ.

ತೊಳೆಯುವಾಗ ದೊಡ್ಡ ಪಾತ್ರೆಯ ತುಂಬ ನೀರು ತೆಗೆದುಕೊಂಡು ಸೊಪ್ಪನ್ನು ಮುಳುಗಿಸಿ, ಅಲುಗಾಡಿಸಿ, ಎರಡು ನಿಮಿಷ ಬಿಡುತ್ತೇನೆ. ಮಣ್ಣು ತಳಕ್ಕೆ ಇಳಿಯುತ್ತದೆ. ಆಗ ಸೊಪ್ಪನ್ನು ಕೈಯಿಂದ ಮೇಲೆತ್ತಿ ತೆಗೆಯಬೇಕು. ನೀರನ್ನು ಸೊಪ್ಪಿನ ಸಮೇತ ಜರಡಿಗೆ ಸುರಿದರೆ ಕೆಳಗಿಳಿದ ಮಣ್ಣೆಲ್ಲ ಮತ್ತೆ ಎಲೆಯ ಮೇಲೇ ಬೀಳುತ್ತದೆ. ತಳದಲ್ಲಿ ಮರಳು ಕಾಣದಾಗುವ ತನಕ ನೀರು ಬದಲಿಸಿ. ಬಾಕ್ ಚೊಯ್‌ನ ದಂಟುಗಳು ಬುಡದಲ್ಲಿ ಕೂಡುವ ಜಾಗದಲ್ಲಿ ಮಣ್ಣು ಅಡಗಿರುತ್ತದೆ, ಅದಕ್ಕೇ ಬುಡ ಕತ್ತರಿಸಿ ಬಿಡಿಸಿಕೊಂಡ ಮೇಲೆಯೇ ತೊಳೆಯುವುದು ಒಳ್ಳೆಯದು.

ಇನ್ನು ಒಣಗಿಸುವುದು. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಅಡುಗೆಗೆ ಒಂದು ಗಂಟೆ ಮುಂಚೆಯೇ ತೊಳೆದು, ಜರಡಿಯಲ್ಲಿ ಸೋರಲು ಬಿಟ್ಟು, ಆಮೇಲೆ ಒಣ ಬಟ್ಟೆಯ ಮೇಲೆ ತೆಳ್ಳಗೆ ಹರಡುತ್ತೇನೆ. ಮೇಲಿಂದ ಇನ್ನೊಂದು ಬಟ್ಟೆ ಇಟ್ಟು ಮೆಲ್ಲಗೆ ಒತ್ತಿದರೆ ಉಳಿದ ಪಸೆಯೂ ಹೋಗುತ್ತದೆ. ಎಲೆ ಮುಟ್ಟಿದಾಗ ಕೈಗೆ ತೇವ ಅಂಟಬಾರದು. ಕಾಂಗ್‌ಕಾಂಗ್ (ವಾಟರ್ ಸ್ಪಿನಾಚ್) ಸೊಪ್ಪಿನ ದಂಟು ಟೊಳ್ಳು, ಒಳಗೆ ನೀರು ನಿಂತಿರುತ್ತದೆ. ಕತ್ತರಿಸಿದ ತುದಿಯನ್ನು ಕೆಳಗೆ ಮಾಡಿ ಜೋರಾಗಿ ಕೊಡವಬೇಕು. ಇಲ್ಲವಾದರೆ ಕಾದ ಎಣ್ಣೆಗೆ ಬಿದ್ದಾಗ ಸಿಡಿಯುತ್ತದೆ.

ಹೆಚ್ಚುವಾಗ ನೆನಪಿಡಬೇಕಾದ್ದು, ದಂಟೇ ಬೇರೆ, ಎಲೆಯೇ ಬೇರೆ. ಬಾಕ್ ಚೊಯ್‌ನ ಬಿಳಿ ದಂಟನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಓರೆಯಾಗಿ, ಎಲೆಯನ್ನು ಅಂಗೈಯ ಅರ್ಧದಷ್ಟು ದೊಡ್ಡದಾಗಿ ಹೆಚ್ಚುತ್ತೇನೆ. ಎಲೆ ತೀರಾ ಸಣ್ಣಗಾದರೆ ಬಾಡಿ ಒಂದಕ್ಕೊಂದು ಅಂಟಿ ಉಂಡೆಯಾಗುತ್ತದೆ. ಗಾಯ್ ಲಾನ್‌ನ (ಚೀನೀ ಬ್ರಾಕೊಲಿ) ದಂಟು ಬೆರಳಿನಷ್ಟು ದಪ್ಪವಿದ್ದರೆ ಬುಡದ ಕಡೆಯ ಸಿಪ್ಪೆ ಹೆರೆದು ಉದ್ದಕ್ಕೆ ಸೀಳಬೇಕು. ಕಾಂಗ್‌ಕಾಂಗ್ 7-8 ಸೆಂಟಿಮೀಟರ್ ತುಂಡುಗಳಾದರೆ ಸಾಕು, ಬುಡದ ಬಲಿತ ಭಾಗ ಎಸೆಯಿರಿ. ದಂಟಿನ ಸೊಪ್ಪಿನಲ್ಲಿ ಉಗುರಿನಿಂದ ಸುಲಭವಾಗಿ ಮುರಿಯುವಷ್ಟು ಎಳೆಯ ದಂಟು ಮಾತ್ರ ತೆಗೆದುಕೊಳ್ಳುತ್ತೇನೆ. ಮುರಿಯುವಾಗ ನಾರು ಎಳೆದುಕೊಂಡು ಬಂದರೆ ಅದು ಸ್ಟರ್ ಫ್ರೈಗೆ ಹೊಂದುವುದಿಲ್ಲ. ಪಾಲಕ್‌ನಲ್ಲಿ ಈ ಗೊಡವೆ ಕಡಿಮೆ.

ಒಲೆ ಹಚ್ಚಿದ ಮೇಲೆ ಎಲ್ಲ ಸೇರಿ ಮೂರು ನಿಮಿಷದ ಕೆಲಸ, ನಡುವೆ ಬಾಟಲಿಯ ಮುಚ್ಚಳ ತಿರುಗಿಸಲೂ ಪುರಸೊತ್ತು ಇರುವುದಿಲ್ಲ. ಹಾಗಾಗಿ ಎಲ್ಲವನ್ನೂ ಅಳೆದು ಬಟ್ಟಲಲ್ಲಿ ಇಟ್ಟುಕೊಂಡೇ ಶುರು ಮಾಡಬೇಕು. 300 ಗ್ರಾಂ ಬಾಕ್ ಚೊಯ್‌ಗೆ ನನ್ನ ಲೆಕ್ಕ ಹೀಗಿದೆ: ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಒಂದೂವರೆ ದೊಡ್ಡ ಚಮಚ, ಬೆಳ್ಳುಳ್ಳಿ ನಾಲ್ಕು ಎಸಳು, ತೆಳ್ಳಗೆ ಸೀಳಿದ ಶುಂಠಿ ಒಂದು ಇಂಚು, ಉಪ್ಪು ಕಾಲು ಟೀ ಚಮಚ, ಲೈಟ್ ಸೋಯಾ ಸಾಸ್ ಎರಡು ಟೀ ಚಮಚ, ಸಕ್ಕರೆ ಎರಡು ಚಿಟಿಕೆ, ಬಿಳಿ ಮೆಣಸಿನ ಪುಡಿ ಒಂದು ಚಿಟಿಕೆ, ಕೊನೆಗೆ ಹುರಿದ ಎಳ್ಳಿನ ಎಣ್ಣೆ ಅರ್ಧ ಟೀ ಚಮಚ. ಉಪ್ಪು ಮತ್ತು ಸೋಯಾ ಸಾಸ್ ಎರಡರ ಉಪ್ಪೂ ಸೇರಿ ಸುಮಾರು 3 ಗ್ರಾಂ, ಅಂದರೆ ಹಸಿ ಸೊಪ್ಪಿನ ತೂಕದ ನೂರರಲ್ಲಿ ಒಂದು ಪಾಲು. ಬೇರೆ ಸೊಪ್ಪಿಗೂ ಇದೇ ಲೆಕ್ಕ ನಡೆಯುತ್ತದೆ. ಹಸಿ ಸೊಪ್ಪಿನ ರಾಶಿ ನೋಡಿ ಉಪ್ಪು ಹಾಕಿದರೆ ಕಡೆಗೆ ಉಪ್ಪುಪ್ಪಾಗುವುದು ಖಂಡಿತ.

ಖಾಲಿ ವೋಕ್ ಅನ್ನು ದೊಡ್ಡ ಉರಿಯಲ್ಲಿ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿದರೆ ಅದು ಚುರ್ರೆಂದು ಆರಿಹೋಗದೆ ಮಣಿಯಂತೆ ಉರುಳಾಡಬೇಕು. ಆಗ ಎಣ್ಣೆ ಸುರಿದು ಸುತ್ತಲೂ ಹರಡಿ, ಶುಂಠಿ ಹಾಕಿ, ಹಿಂದೆಯೇ ಬೆಳ್ಳುಳ್ಳಿ. ಹತ್ತು ಸೆಕೆಂಡು. ಬೆಳ್ಳುಳ್ಳಿಯ ಅಂಚು ಬಣ್ಣಕ್ಕೆ ತಿರುಗುವ ಮೊದಲೇ ದಂಟು ಒಳಗೆ ಬೀಳಬೇಕು. ದಂಟಿನ ತೇವ ಎಣ್ಣೆಯ ಬಿಸಿಯನ್ನು ತುಸು ಇಳಿಸಿ ಬೆಳ್ಳುಳ್ಳಿಯನ್ನು ಕಾಯುತ್ತದೆ. ಕೆಂಪಗೆ ಸೀದ ಬೆಳ್ಳುಳ್ಳಿ ಇಡೀ ಖಾದ್ಯವನ್ನು ಕಹಿ ಮಾಡುತ್ತದೆ, ಅದಕ್ಕೆ ಸಕ್ಕರೆಯೂ ಮದ್ದಲ್ಲ. ನಾನು ಬೆಳ್ಳುಳ್ಳಿಯನ್ನು ಅರೆಯುವುದೂ ಇಲ್ಲ, ತುರಿಯುವುದೂ ಇಲ್ಲ. ಚಾಕುವಿನ ಮಗ್ಗುಲಿನಿಂದ ಜಜ್ಜಿ ಎರಡು ಮೂರು ತುಂಡು ಮಾಡುತ್ತೇನೆ. ಸಣ್ಣದಾದಷ್ಟೂ ಬೇಗ ಸೀಯುತ್ತದೆ.

ದಂಟನ್ನು ಒಂದು ನಿಮಿಷ ಬಿಡದೆ ತಿರುವಿ. ಅಂಚು ಗಾಜಿನಂತೆ ಹೊಳೆಯತೊಡಗಿದಾಗ ಎಲೆ ಹಾಕಿ, ತಳದಿಂದ ಎತ್ತಿ ಎತ್ತಿ ಮಗುಚಬೇಕು. ಬಾಣಲೆಯ ಸದ್ದು ಕಿವಿಗೆ ಬೀಳುತ್ತಿರಲಿ. ಚಟಚಟ ಎನ್ನುತ್ತಿದ್ದರೆ ಹದವಾಗಿದೆ. ಕುದಿಯುವ ಗುಳುಗುಳು ಸದ್ದು ಬಂತೆಂದರೆ ನೀರು ನಿಂತಿದೆ ಎಂದರ್ಥ. ಹಾಗಾದರೆ ಸೊಪ್ಪನ್ನು ಬಾಣಲೆಯ ಅಂಚಿಗೆ ಸರಿಸಿ, ನಡುವಿನ ನೀರು ಇಂಗುವ ತನಕ ದೊಡ್ಡ ಉರಿಯಲ್ಲೇ ಬಿಡಿ. ಎಲೆ ಅರ್ಧ ಬಾಡಿದಾಗ ಉಪ್ಪು, ಸಕ್ಕರೆ. ಉಪ್ಪು ಬಿದ್ದ ಕೂಡಲೇ ಸೊಪ್ಪು ನೀರು ಬಿಡತೊಡಗುವುದರಿಂದ ಮೊದಲೇ ಹಾಕುವಂತಿಲ್ಲ. ಸೋಯಾ ಸಾಸನ್ನು ಸೊಪ್ಪಿನ ಮೇಲೆ ಸುರಿಯದೆ ಬಾಣಲೆಯ ಬಿಸಿ ಗೋಡೆಯ ಮೇಲೆ ಹರಿಸಿದರೆ ಕ್ಷಣದಲ್ಲಿ ಕುದಿದು ಘಮ ಏಳುತ್ತದೆ. ಎಲೆ ಹಾಕಿದ 40 ಸೆಕೆಂಡಿಗೆಲ್ಲ ಒಲೆ ಆರಿಸಬೇಕು, ಇನ್ನೂ ಸ್ವಲ್ಪ ಹಸಿಯಿದೆ ಅನ್ನಿಸುವಾಗಲೇ. ತಟ್ಟೆಗೆ ಹೋಗುವಷ್ಟರಲ್ಲಿ ಒಳಗಿನ ಬಿಸಿಯೇ ಉಳಿದದ್ದನ್ನು ಬೇಯಿಸುತ್ತದೆ. ಎಳ್ಳಿನ ಎಣ್ಣೆ ಒಲೆ ಆರಿಸಿದ ಮೇಲೆಯೇ. ಜೋರು ಉರಿಯಲ್ಲಿ ಅದರ ಪರಿಮಳ ಉಳಿಯುವುದಿಲ್ಲ.

ಹಸಿರು ಮಾಸಿ ಕಂದು ಛಾಯೆಗೆ ತಿರುಗುವುದು ಇನ್ನೊಂದು ತೊಂದರೆ. ಬಿಸಿಗೆ ಎಲೆಯ ಕೋಶಗಳು ಒಡೆದಾಗ ಅವುಗಳಲ್ಲಿನ ಆಮ್ಲ ಹೊರಬಂದು ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತಿನಲ್ಲಿರುವ ಮೆಗ್ನೀಸಿಯಂ ಅನ್ನು ಹೊರದೂಡುತ್ತದೆ, ಬಣ್ಣ ಕೆಡುವುದು ಅದರಿಂದ. ಹೆಚ್ಚು ಹೊತ್ತು ಮುಚ್ಚಳ ಮುಚ್ಚಿಟ್ಟರೆ ಆವಿಯ ಜೊತೆ ಹೋಗಬೇಕಾದ ಆಮ್ಲವೂ ಒಳಗೇ ಉಳಿಯುತ್ತದೆ. ವಿನೆಗರ್, ನಿಂಬೆರಸ ಬೇಕಿದ್ದರೆ ಬಡಿಸುವ ಹೊತ್ತಿಗೆ ಹಿಂಡಿ. ಅಡುಗೆ ಸೋಡಾ ಹಾಕಿದರೆ ಹಸಿರೇನೋ ಉಳಿಯುತ್ತದೆ, ಆದರೆ ಎಲೆ ಲೋಳೆಯಾಗುತ್ತದೆ; ಅದನ್ನು ಹಾಕಲೇಬೇಡಿ.

ಎಲ್ಲ ಸೊಪ್ಪನ್ನೂ ನೇರ ಬಾಣಲೆಗೆ ಹಾಕುವಂತಿಲ್ಲ. ಬಲಿತ ಪಾಲಕ್‌ನಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು, ತಿಂದ ಮೇಲೆ ಹಲ್ಲೆಲ್ಲ ಒಗರು. ಅದನ್ನು ಕುದಿಯುವ ನೀರಿನಲ್ಲಿ 20 ಸೆಕೆಂಡು ಅದ್ದಿ, ತಣ್ಣೀರಿಗೆ ಹಾಕಿ, ಚೆನ್ನಾಗಿ ಹಿಂಡಿ, ಉದುರಿಸಿಕೊಂಡು, ಆಮೇಲೆ ಬೆಳ್ಳುಳ್ಳಿ ಎಣ್ಣೆಯಲ್ಲಿ ಅರ್ಧ ನಿಮಿಷ ತಿರುವಿದರೆ ಸಾಕು. ಗಾಯ್ ಲಾನ್‌ಗೂ ಇದೇ ದಾರಿ: ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ದಂಟು ಒಂದು ನಿಮಿಷ, ಆಮೇಲೆ ಎಲೆಯೂ ಸೇರಿ 20 ಸೆಕೆಂಡು. ಇದರ ಮೇಲೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಒಂದೂವರೆ ದೊಡ್ಡ ಚಮಚ. ಸಸ್ಯಾಹಾರಿಗಳಿಗೆ ಅಣಬೆಯಿಂದ ಮಾಡಿದ್ದು ಸಿಗುತ್ತದೆ. ಸಾಸ್ ಸೊಪ್ಪಿಗೆ ಅಂಟಿಕೊಳ್ಳಬೇಕಾದರೆ ಅರ್ಧ ಟೀ ಚಮಚ ಕಾರ್ನ್‌ಫ್ಲೋರನ್ನು ಒಂದು ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ ಕೊನೆಗೆ ಸೇರಿಸಬಹುದು. ಆದರೆ ಬಿಟ್ಟುಕೊಂಡ ನೀರನ್ನು ಮುಚ್ಚಿಹಾಕಲು ಕಾರ್ನ್‌ಫ್ಲೋರ್ ಹಾಕುವ ರೂಢಿ ನನಗೆ ಹಿಡಿಸದು, ಅದು ಗಂಜಿಯಾಗುತ್ತದೆ.

ಕಾಂಗ್‌ಕಾಂಗ್‌ಗೆ ಥಾಯ್ ಅಡುಗೆಯವರ ಕ್ರಮವೇ ಬೇರೆ, ಮತ್ತು ಅದು ಆ ಸೊಪ್ಪಿಗೆ ತುಂಬ ಚೆನ್ನಾಗಿ ಹೊಂದುತ್ತದೆ. 300 ಗ್ರಾಂ ಸೊಪ್ಪನ್ನು ತಟ್ಟೆಯಲ್ಲಿ ಇಟ್ಟು ಅದರ ಮೇಲೆಯೇ ಜಜ್ಜಿದ ಐದು ಎಸಳು ಬೆಳ್ಳುಳ್ಳಿ, ನಾಲ್ಕು ಖಾರದ ಮೆಣಸಿನಕಾಯಿ, ಹುಳಿಸಿದ ಸೋಯಾ ಕಾಳಿನ ಪೇಸ್ಟ್ ಒಂದು ದೊಡ್ಡ ಚಮಚ, ಆಯ್ಸ್ಟರ್ ಸಾಸ್ ಒಂದು ದೊಡ್ಡ ಚಮಚ, ಸಕ್ಕರೆ ಒಂದು ಟೀ ಚಮಚ, ಎರಡು ದೊಡ್ಡ ಚಮಚ ನೀರು. ಎರಡು ದೊಡ್ಡ ಚಮಚ ಎಣ್ಣೆ ಹೊಗೆಯಾಡುವಷ್ಟು ಕಾದಾಗ ತಟ್ಟೆಯಲ್ಲಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದು, 45 ಸೆಕೆಂಡಿನಿಂದ ಒಂದು ನಿಮಿಷ ಮಗುಚಿ ತೆಗೆಯುವುದು. ದಂಟು ಕರುಕುರು ಎನ್ನುತ್ತದೆ, ಎಲೆ ಸಾಸನ್ನು ಹೀರಿಕೊಂಡಿರುತ್ತದೆ. ಇಲ್ಲಿ ಉಪ್ಪು ಬೇರೆ ಬೇಡ. ಅಲ್ಲಿನ ಬೀದಿ ಅಂಗಡಿಗಳಲ್ಲಿ ಬಾಣಲೆಗೆ ಬೆಂಕಿ ಹತ್ತಿಸಿಕೊಳ್ಳುವುದುಂಟು, ಮನೆಯ ಅಡುಗೆಮನೆಯಲ್ಲಿ ಅದು ಬೇಡವೇ ಬೇಡ. ಸುರಿಯುವಾಗ ಎಣ್ಣೆ ಸಿಡಿಯುತ್ತದೆ, ತಟ್ಟೆಯನ್ನು ಬಾಣಲೆಯ ಅಂಚಿನ ಹತ್ತಿರ ತಂದು, ನಿಮ್ಮಿಂದ ಆಚೆ ಕಡೆಗೆ ಜಾರಿಸಿ. ನೀರಿನಲ್ಲಿ ಬೆಳೆಯುವ ಈ ಸೊಪ್ಪಿನಲ್ಲಿ ಹುಳುವಿನ ಮರಿಕೋಶ ಅಂಟಿರುವ ಸಂಭವ ಇರುವುದರಿಂದ ಹಸಿಯಾಗಿ ತಿನ್ನಬಾರದು. ಪೂರ್ತಿ ಬಿಸಿ ತಾಗುವಂತೆ ಮಗುಚಿ.

ಕೆಂಪು ದಂಟಿನ ಸೊಪ್ಪು ಮಾಡಿದಾಗ ಗುಲಾಬಿ ರಸ ಬಿಡುತ್ತದೆ, ಅದು ಸೊಪ್ಪಿನ ಸಹಜ ಬಣ್ಣ. ಆ ಒಂದರಲ್ಲಿ ಮಾತ್ರ ನಾನು ಎರಡು ಚಮಚ ರಸ ಉಳಿಸುತ್ತೇನೆ, ಅನ್ನಕ್ಕೆ ಕಲಸಿಕೊಳ್ಳಲು ರುಚಿ.

ಎರಡನೇ ಕಂತಿಗೆ ಮುನ್ನ ಬಾಣಲೆಗೆ ಬಿಸಿನೀರು ಹಾಕಿ ಬ್ರಷ್‌ನಿಂದ ಉಜ್ಜಿ ಚೆಲ್ಲಬೇಕು. ತಳಕ್ಕೆ ಅಂಟಿದ ಬೆಳ್ಳುಳ್ಳಿ ಚೂರು, ಸಾಸಿನ ಸಕ್ಕರೆ ಮುಂದಿನ ಸಲ ಸೀದು ಕಹಿಯಾಗುತ್ತವೆ. ಉರಿಯ ಮೇಲೆ ಪೂರ್ತಿ ಒಣಗಿಸಿ, ಮತ್ತೆ ನೀರಿನ ಹನಿ ಉರುಳಾಡುವಷ್ಟು ಕಾಯಿಸಿ, ಆಮೇಲೆ ಎಣ್ಣೆ. ಮೊದಲ ಕಂತನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಮುಚ್ಚದೆ ಇಡಿ.