ಲಿವರ್ ರಿಪೋರ್ಟ್ ನಾರ್ಮಲ್, ಗುಲ್ಮ ಮಾತ್ರ ದೊಡ್ಡದು: ಮನೆಯವರು ಮಾಡಬೇಕಾದ್ದು

ಲಿವರ್‌ನ ರಕ್ತಪರೀಕ್ಷೆಗಳಾದ ಎಸ್‌ಜಿಪಿಟಿ, ಬಿಲಿರುಬಿನ್ ಎರಡೂ ಸರಿ. ಆದರೆ ಎಡಪಕ್ಕೆಯ ಕೆಳಗೆ ಗುಲ್ಮ (ಸ್ಪ್ಲೀನ್) ಕೈಗೆ ಹತ್ತುತ್ತದೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟುವುದಿಲ್ಲ. ಮಕ್ಕಳಲ್ಲಿ ಇವೆರಡು ಜೊತೆಯಾಗಿ ಕಂಡರೆ ಕಂಜೆನಿಟಲ್ ಹೆಪಾಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಲಿವರ್‌ನಲ್ಲಿ ನಾರು ಬೆಳೆಯುವ ಕಾಯಿಲೆ) ಇರಬಹುದು. ಗರ್ಭದಲ್ಲೇ ಸಣ್ಣ ಪಿತ್ತನಾಳಗಳು ಪೂರ್ತಿ ರೂಪುಗೊಳ್ಳದೆ, ಸುತ್ತ ನಾರು ಬೆಳೆದು, ಕರುಳಿನ ರಕ್ತ ತರುವ ಪೋರ್ಟಲ್ ನಾಳದ ಕೊಂಬೆಗಳನ್ನು ಅಮುಕುತ್ತದೆ. ಲಿವರ್‌ನ ಜೀವಕೋಶಗಳು ಚೆನ್ನಾಗೇ ಇರುತ್ತವೆ, ಆದರೆ ರಕ್ತಕ್ಕೆ ದಾರಿ ಸಾಲದೆ ಪೋರ್ಟಲ್ ನಾಳದಲ್ಲಿ ಒತ್ತಡ ಏರಿ ಗುಲ್ಮ ಉಬ್ಬುತ್ತದೆ. ಆದ್ದರಿಂದ ರಿಪೋರ್ಟ್ ನೋಡಿ ನಿಶ್ಚಿಂತರಾಗಬೇಡಿ.

ಮೊದಲು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್. ನಮ್ಮ ದೇಶದ ಮಕ್ಕಳಲ್ಲಿ ಪೋರ್ಟಲ್ ನಾಳವೇ ಮುಚ್ಚಿಹೋಗಿ ಒತ್ತಡ ಏರುವುದೇ ಹೆಚ್ಚು. ಎರಡನ್ನೂ ಬೇರ್ಪಡಿಸುವುದು ಡಾಪ್ಲರ್. ಪಿತ್ತನಾಳಕ್ಕೆ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್. ಕಿಡ್ನಿಯಲ್ಲೂ ನೀರುಗುಳ್ಳೆ ಇರುವುದು ಸಾಮಾನ್ಯ, ಹಾಗಾಗಿ ಕಿಡ್ನಿ ಸ್ಕ್ಯಾನ್, ಕ್ರಿಯಾಟಿನಿನ್, ಬಿ.ಪಿ. ಬಿಡಬೇಡಿ. ದೊಡ್ಡವರ ಸ್ಕ್ಯಾನ್‌ನಲ್ಲಿ ಬರೇ ‘ಬಿಲಿಯರಿ ಹಮಾರ್ಟೋಮಾ’ ಎಂದು ಬರೆದಿದ್ದರೆ ಅದು ಬೇರೆ ಮಾತು: ಒಂದೂವರೆ ಸೆಂ.ಮೀ.ಗಿಂತ ಚಿಕ್ಕ ಚುಕ್ಕೆಗಳು, ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ.

ನಿಜವಾದ ಅಪಾಯ ಈ ಒತ್ತಡಕ್ಕೆ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆಯುವುದು. ಎಂಡೋಸ್ಕೋಪಿಯಲ್ಲಿ ದೊಡ್ಡವು ಕಂಡರೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ನಾಳಗಳು ಕುಗ್ಗುವವರೆಗೆ 2ರಿಂದ 4 ವಾರಕ್ಕೊಮ್ಮೆ ಮತ್ತೆ. ಬ್ಯಾಂಡ್ ಉದುರಿದ ಜಾಗದ ಹುಣ್ಣಿನಿಂದಲೂ ರಕ್ತ ಬರಬಹುದು. ಆದ್ದರಿಂದ ಮೊದಲ ದಿನ ತಣ್ಣನೆಯ ದ್ರವ, ಆಮೇಲೆ ಅಂಬಲಿ, ಮೆತ್ತಗಿನ ಅನ್ನ. ಕಡಕ್ ರೊಟ್ಟಿ, ಶೇಂಗಾ, ಮಿರ್ಚಿಭಜಿ ಡಾಕ್ಟರ್ ಹೇಳುವವರೆಗೆ ಬೇಡ. ಈ ಒತ್ತಡ ಇಳಿಸುವ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಬರೆದಿದ್ದರೆ ತಟ್ಟನೆ ನಿಲ್ಲಿಸಬೇಡಿ. ಉಬ್ಬಸ ಇದ್ದರೆ ಮೊದಲೇ ಹೇಳಿ.

ಮಲ ಕಪ್ಪಾದರೆ ನೋಡಿ: ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ರಕ್ತ. ಕಬ್ಬಿಣದ ಮಾತ್ರೆಯ ಕಪ್ಪಿಗೆ ಈ ಅಂಟು ಇರುವುದಿಲ್ಲ. ರಕ್ತ ವಾಂತಿಯಾದರೆ ಎಡಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರೂ ಹಾಕದೆ 108ಕ್ಕೆ ಫೋನ್ ಮಾಡಿ. ಗದಗ, ಹಾವೇರಿಯ ಹಳ್ಳಿಯವರು ನೇರ ಹುಬ್ಬಳ್ಳಿಗೇ ಓಡಬಾರದು. ಹತ್ತಿರದ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿ, ಬಿ.ಪಿ. ಸ್ಥಿರವಾದ ಮೇಲೆ ಮುಂದೆ ಹೊರಡಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ರಾತ್ರಿ ಎಂಡೋಸ್ಕೋಪಿ ಎಲ್ಲಿ ಆಗುತ್ತದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಫೈಲಿನ ಮೊದಲ ಹಾಳೆಯ ಮೇಲೆ ಕಾಯಿಲೆಯ ಹೆಸರು, ರಕ್ತದ ಗುಂಪು, ಕಡೆಯ ಬ್ಯಾಂಡಿಂಗ್ ತಾರೀಖು ದಪ್ಪಕ್ಷರದಲ್ಲಿ ಇರಲಿ.

ನಡುಕ ಬಂದು ಜ್ವರ ಏರಿದರೆ ಪಿತ್ತನಾಳದ ಸೋಂಕು ಇರಬಹುದು. ಜ್ವರದ ಗುಳಿಗೆ ನುಂಗಿಸಿ ಎರಡು ದಿನ ಕಾಯಬೇಡಿ. ರೋಗಾಣು ಪತ್ತೆಗೆ ರಕ್ತದ ಕಲ್ಚರ್ ತೆಗೆದು ಆ್ಯಂಟಿಬಯೋಟಿಕ್ ಶುರುವಾಗಬೇಕು.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಕಾಮಣಿಗೆ ಕೊಡುವ ನಾಟಿ ಬೇರೂ ಬೇಡ, ಬರೆ ಹಾಕಿಸುವುದಂತೂ ದೂರದ ಮಾತು. ಗುಲ್ಮ ದೊಡ್ಡದಿದ್ದರೆ ಕಬಡ್ಡಿ, ಗರಡಿ ನಿಲ್ಲಲಿ; ಪೆಟ್ಟು ಬಿದ್ದರೆ ಅದು ಸೀಳಬಹುದು. ಶಾಲೆ, ಓಡಾಟ ಬಿಡಿಸಬೇಡಿ. ಲಿವರ್ ಎಂದಾಕ್ಷಣ ಎಣ್ಣೆ, ತುಪ್ಪ ತಪ್ಪಿಸಿ ಮಗುವನ್ನು ಸೊರಗಿಸುವ ಮನೆಗಳೇ ಹೆಚ್ಚು, ಅದರ ಅಗತ್ಯವಿಲ್ಲ.

ಕಿಡ್ನಿಯ ನೀರುಗುಳ್ಳೆಯೂ ಸೇರಿದ ಬಗೆಯಲ್ಲಿ ದೋಷ ಹೆಚ್ಚಾಗಿ ಪಿಕೆಎಚ್‌ಡಿ1 ಜೀನ್‌ನಲ್ಲಿ. ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಇಬ್ಬರಲ್ಲೂ ಈ ದೋಷ ಅಡಗಿರುವ ಜೋಡಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅಕ್ಕನ ಮಗಳು, ಸೋದರತ್ತೆಯ ಮಗ ಎಂದು ಒಳಗೊಳಗೇ ಮದುವೆ ಆಗಿರುವ ಮನೆಗಳಲ್ಲಿ ಒಡಹುಟ್ಟಿದವರಿಗೂ ಹೊಟ್ಟೆಯ ಸ್ಕ್ಯಾನ್ ಒಮ್ಮೆ ಮಾಡಿಸಿ.